ಅಳಲೆಕಾಯಿ: ಗುಣ, ಬಳಕೆ ಮತ್ತು ಎಚ್ಚರಿಕೆ

ಅರೆಬರೆ ತಿಳಿದು ಮದ್ದು ಕೊಡುವವನನ್ನು ನಮ್ಮ ಜನರು ‘ಅಳಲೆಕಾಯಿ ಪಂಡಿತ’ ಎಂದು ಕರೆಯುತ್ತಾರೆ. ಬಂದ ರೋಗಕ್ಕೆಲ್ಲ ಒಂದೇ ಕಾಯಿಯನ್ನು ತೇಯ್ದು ಕೊಡುವವನನ್ನು ಕುರಿತ ಹಾಸ್ಯವಿದು. ಆದರೆ ಇಲ್ಲಿ ನಗೆಗೆ ಗುರಿಯಾದವನು ಪಂಡಿತನೇ ಹೊರತು ಕಾಯಿಯಲ್ಲ. ಆಯುರ್ವೇದದಲ್ಲಿ ಅಳಲೆಕಾಯಿಗೆ ಅತ್ಯುನ್ನತ ಸ್ಥಾನವಿದೆ. ಅದರ ಗುಣವನ್ನೂ ಮಿತಿಯನ್ನೂ ಸದ್ಭಕ್ತರು ಒಟ್ಟಿಗೆ ಅರಿತಿರಲೆಂಬುದು ಈ ಲೇಖನದ ಆಶಯ.

ಹೆಸರು ಮತ್ತು ಗುರುತು

ಸಂಸ್ಕೃತದಲ್ಲಿ ಇದು ಹರೀತಕಿ. ಭಯವನ್ನು ನೀಗುವುದರಿಂದ ‘ಅಭಯಾ’, ದೇಹಕ್ಕೆ ಹಿತವಾಗಿರುವುದರಿಂದ ‘ಪಥ್ಯಾ’ ಎಂಬ ಹೆಸರುಗಳೂ ಇವೆ. ಸಸ್ಯಶಾಸ್ತ್ರದಲ್ಲಿ ಟರ್ಮಿನೇಲಿಯ ಚೆಬ್ಯುಲ ಎನ್ನುತ್ತಾರೆ. ಎಲೆ ಉದುರಿಸುವ ಕಾಡುಗಳಲ್ಲಿ ಎತ್ತರವಾಗಿ ಬೆಳೆಯುವ ಈ ಮರ ಕರ್ನಾಟಕದ ಅರಣ್ಯಗಳಲ್ಲಿಯೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂತಹ ಅರಣ್ಯವಾಸಿಗಳು ನೆಲ್ಲಿ, ಜೇನುಗಳೊಡನೆ ಇದನ್ನೂ ಸಂಗ್ರಹಿಸುತ್ತ ಬಂದಿದ್ದಾರೆ. ಒಣಗಿದ ಕಾಯಿಯ ಮೇಲೆ ಉದ್ದಕ್ಕೆ ಐದು ಏಣುಗಳು ಮೂಡುತ್ತವೆ. ಔಷಧಕ್ಕೆ ಬೀಜವನ್ನು ತೆಗೆದು ಸಿಪ್ಪೆಯ ಭಾಗವನ್ನು ಮಾತ್ರ ಬಳಸುತ್ತಾರೆ.

ಹೊಸದಾದ, ಜಿಡ್ಡುಳ್ಳ, ತೂಕವಾದ, ನೀರಿಗೆ ಹಾಕಿದರೆ ಮುಳುಗುವ ಕಾಯಿಯೇ ಶ್ರೇಷ್ಠವೆಂದು ಭಾವಪ್ರಕಾಶ ಗ್ರಂಥ ಹೇಳುತ್ತದೆ. ಅಂಗಡಿಯಿಂದ ಕೊಳ್ಳುವಾಗ ಈ ಪರೀಕ್ಷೆ ಇಂದಿಗೂ ಉಪಯುಕ್ತ. ಹುಳು ಕೊರೆದ, ಟೊಳ್ಳಾದ ಕಾಯಿಯನ್ನು ಬಿಡಬೇಕು.

ಶಾಸ್ತ್ರೋಕ್ತ ಗುಣಗಳು

ಆರು ರಸಗಳಲ್ಲಿ ಉಪ್ಪೊಂದನ್ನು ಬಿಟ್ಟು ಉಳಿದ ಐದೂ ಅಳಲೆಯಲ್ಲಿವೆ. ಅವುಗಳಲ್ಲಿ ಒಗರು ಪ್ರಧಾನ. ಇದು ಉಷ್ಣವೀರ್ಯವುಳ್ಳದ್ದು, ಜೀರ್ಣವಾದ ಬಳಿಕ ಮಧುರವಾಗುವಂಥದ್ದು, ವಾತ ಪಿತ್ತ ಕಫಗಳು ಮೂರನ್ನೂ ಶಮನಗೊಳಿಸುವಂಥದ್ದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನದ ಮೊದಲ ಪಾದಕ್ಕೆ ಅಳಲೆ ಮತ್ತು ನೆಲ್ಲಿಗಳ ಹೆಸರನ್ನೇ ಇಡಲಾಗಿದೆ. ಅಳಲೆ, ತಾರೆ, ನೆಲ್ಲಿ ಸೇರಿದರೆ ತ್ರಿಫಲಾ. ಅಗಸ್ತ್ಯ ಹರೀತಕಿ ಲೇಹ್ಯ, ಅಭಯಾರಿಷ್ಟಗಳಿಗೂ ಇದೇ ಮೂಲದ್ರವ್ಯ.

ಒಂದೇ ಕಾಯಿ ಬಳಸುವ ಬಗೆಯಿಂದ ಬೇರೆ ಬೇರೆ ಫಲ ಕೊಡುತ್ತದೆ. ಅಗಿದು ತಿಂದರೆ ಹಸಿವನ್ನು ಹೆಚ್ಚಿಸುತ್ತದೆ. ಅರೆದು ಸೇವಿಸಿದರೆ ಮಲವನ್ನು ಸಡಿಲಿಸುತ್ತದೆ. ಬೇಯಿಸಿದರೆ ಮಲವನ್ನು ಕಟ್ಟುತ್ತದೆ. ಹುರಿದರೆ ತ್ರಿದೋಷಗಳನ್ನು ತಗ್ಗಿಸುತ್ತದೆ. ‘ಅಳಲೆಕಾಯಿ ಒಳ್ಳೆಯದು’ ಎಂದಷ್ಟೇ ತಿಳಿದವನು ಭೇದಿಯಾದವನಿಗೆ ಪುಡಿಯನ್ನು ಕೊಟ್ಟು ಕಷ್ಟವನ್ನು ಹೆಚ್ಚಿಸಬಹುದು. ಹಾಸ್ಯದ ಮಾತಿನ ಹಿಂದಿರುವ ಸತ್ಯವಿದು.

ಋತುಹರೀತಕಿ

ಋತುವಿಗೆ ತಕ್ಕ ಅನುಪಾನದೊಡನೆ ಅಳಲೆಯ ಸೇವನೆಯನ್ನು ಹಿರಿಯರು ವಿಧಿಸಿದ್ದಾರೆ. ವರ್ಷಋತುವಿನಲ್ಲಿ ಸೈಂಧವ ಲವಣ, ಶರದೃತುವಿನಲ್ಲಿ ಸಕ್ಕರೆ, ಹೇಮಂತದಲ್ಲಿ ಶುಂಠಿ, ಶಿಶಿರದಲ್ಲಿ ಹಿಪ್ಪಲಿ, ವಸಂತದಲ್ಲಿ ಜೇನು, ಗ್ರೀಷ್ಮದಲ್ಲಿ ಬೆಲ್ಲ. ಮಧುಮೇಹವುಳ್ಳವರು ಸಕ್ಕರೆ, ಬೆಲ್ಲ, ಜೇನುಗಳನ್ನೂ, ರಕ್ತದೊತ್ತಡವುಳ್ಳವರು ಉಪ್ಪನ್ನೂ ಈ ಹೆಸರಿನಲ್ಲಿ ಹೆಚ್ಚಿಸಿಕೊಳ್ಳಬಾರದು.

ಮನೆಯ ಬಳಕೆ

ಮಲಬದ್ಧತೆಗೆ ಅಳಲೆಯ ಪುಡಿಯನ್ನು ರಾತ್ರಿ ಮಲಗುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಸೇವಿಸುವುದು ರೂಢಿ. ವಯಸ್ಕರಿಗೆ ಭಾರತೀಯ ಆಯುರ್ವೇದ ಔಷಧಕೋಶ ಹೇಳುವ ಪ್ರಮಾಣ 3ರಿಂದ 6 ಗ್ರಾಂ. ಕಡಿಮೆಯಿಂದ ಆರಂಭಿಸುವುದು ಲೇಸು. ಬಾಯಿಹುಣ್ಣು, ಗಂಟಲು ಕೆರೆತಗಳಿಗೆ ಕಷಾಯದಿಂದ ಬಾಯಿ ಮುಕ್ಕಳಿಸುತ್ತಾರೆ. ಕಾಯಿಯಲ್ಲಿ ಹೇರಳವಾಗಿರುವ ಟ್ಯಾನಿನ್ ಎಂಬ ಒಗರು ದ್ರವ್ಯವೇ ಇಲ್ಲಿ ಉಪಕಾರಿ. ಅದೇ ದ್ರವ್ಯದಿಂದಾಗಿ ತೊಗಲು ಹದಮಾಡಲು, ಕಲಂಕಾರಿ ಬಟ್ಟೆಗೆ ಬಣ್ಣ ಹಿಡಿಸಲು ಸಹ ಈ ಕಾಯಿ ಬಳಕೆಯಲ್ಲಿದೆ.

ಯಾರು ಸೇವಿಸಬಾರದು?

ಗರ್ಭಿಣಿಯರು, ತೀರ ಬಳಲಿದವರು, ಕೃಶರಾದವರು, ಉಪವಾಸದಿಂದ ಸೊರಗಿದವರು ಮತ್ತು ಪಿತ್ತಾಧಿಕ್ಯವುಳ್ಳವರು ಇದನ್ನು ಸೇವಿಸಬಾರದೆಂದು ಶಾಸ್ತ್ರವೇ ತಿಳಿಸಿದೆ. ಕಬ್ಬಿಣಾಂಶದ ಮಾತ್ರೆಯೊಡನೆ ಸೇವಿಸಿದರೆ ಒಗರು ದ್ರವ್ಯವು ಕಬ್ಬಿಣ ಹೀರಿಕೆಯನ್ನು ತಗ್ಗಿಸುತ್ತದೆ. ಆದ್ದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಅಳಲೆಯನ್ನು ನಂಬಿ ಆ ಔಷಧವನ್ನು ನಿಲ್ಲಿಸಲೂ ಬಾರದು.

ಎಳೆಗೂಸುಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಅಳಲೆ, ಬಜೆ, ಜಾಯಿಕಾಯಿಗಳನ್ನು ತೇಯ್ದು ನೆಕ್ಕಿಸುವುದು ನಮ್ಮ ಮನೆಗಳಲ್ಲಿ ಹಳೆಯ ವಾಡಿಕೆ. ಅಜ್ಜಿಯರ ಅಕ್ಕರೆಯಲ್ಲಿ ಲೋಪವಿಲ್ಲ. ಆದರೆ ತೇಯುವ ಕಲ್ಲು, ನೀರು, ಬೆರಳುಗಳ ಮೂಲಕ ಸೋಂಕು ತಗಲಬಹುದು. ಒಂದು ಸುತ್ತು ಹೆಚ್ಚಾದರೂ ಪ್ರಮಾಣ ಮೀರುತ್ತದೆ. ಮೊದಲ 6 ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸಿಗೆ ಜ್ವರ, ವಾಂತಿ, ಭೇದಿ ಕಂಡರೆ ಅಥವಾ ಅದು ಹಾಲು ಬಿಟ್ಟರೆ ತೇಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದೊಡ್ಡವರಲ್ಲಿಯೂ ವಾರಗಟ್ಟಲೆ ಬಿಡದ ಮಲಬದ್ಧತೆ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಮನೆಮದ್ದಿನ ವ್ಯಾಪ್ತಿಯಲ್ಲಿಲ್ಲ.

ಹಿಂದಿನವರು ಅಳಲೆಯನ್ನು ತಾಯಿಗೆ ಹೋಲಿಸಿದರು. ತಾಯಿಯಾದವಳು ಯಾರಿಗೆ, ಯಾವಾಗ, ಎಷ್ಟು ಬಡಿಸಬೇಕೆಂಬುದನ್ನು ಬಲ್ಲಳು. ಮದ್ದನ್ನು ಬಳಸುವ ನಮಗೂ ಆ ಅರಿವು ಇರಲಿ.