ಜೂರಾ ತಪ್ಪಲಿನ ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಮಾತನ್ನು ನೀವು ಬಲ್ಲಿರಿ. ಫ್ರಾನ್ಸಿನ ಜೆಕ್ಸ್ ಸೀಮೆಯವರು ಅದನ್ನು ಅನುಭವಿಸಿಯೇ ಅರಿತಿದ್ದರು. ಬೆನ್ನಿಗೆ ಜೂರಾ ಪರ್ವತ, ಎದುರಿಗೆ ಜಿನೀವಾ ನಗರ. 1601ರಲ್ಲಿ ಫ್ರಾನ್ಸಿಗೆ ಸೇರಿದ ಈ ಜನರ ವ್ಯಾಪಾರವೆಲ್ಲ ಜಿನೀವಾದೊಡನೆ, ಸುಂಕ ಮಾತ್ರ ಅರಸನ ಗುತ್ತಿಗೆದಾರರಿಗೆ. ಉಪ್ಪಿಗಾಗಿ ಕಾವಲುಗಾರರು ಮನೆಗಳನ್ನೇ ಶೋಧಿಸುತ್ತಿದ್ದರು. ಫೆರ್ನೆ ಗ್ರಾಮದಲ್ಲಿ ನೆಲೆಸಿದ್ದ ವಾಲ್ಟೇರ್ (ಧರ್ಮಸಭೆಯ ಕಟುಟೀಕಾಕಾರನೆಂದು ನಾವು ಬಲ್ಲ ಅವರೇ) ಎಂಬತ್ತು ದಾಟಿದ ವಯಸ್ಸಿನಲ್ಲಿ ಇವರ ಪರವಾಗಿ ಅರ್ಥಸಚಿವ ಟ್ಯುರ್ಗೋ ಅವರಿಗೆ ಪತ್ರದ ಮೇಲೆ ಪತ್ರ ಬರೆದರು. 1775ರ ಡಿಸೆಂಬರಿನಲ್ಲಿ ರಾಜಾಜ್ಞೆ ಹೊರಟಿತು: ಸೀಮೆಯು ವರ್ಷಕ್ಕೆ 30,000 ಲಿವ್ರ್ ನಾಣ್ಯ ತೆತ್ತರೆ ಗುತ್ತಿಗೆದಾರರು ತೊಲಗತಕ್ಕದ್ದು. ಬಿಡುಗಡೆಗೂ ಬೆಲೆ! ರಾಜ್ಯದ ಎಲ್ಲೆ ಕದಲಲಿಲ್ಲ; ಸುಂಕದ ಕಟ್ಟೆ ಮಾತ್ರ ಹಿಂದಕ್ಕೆ, ಜೂರಾದತ್ತ ಸರಿಯಿತು. 1932ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ, 1815ರ ಒಪ್ಪಂದಗಳನ್ನು ಆಧರಿಸಿ, ಫ್ರಾನ್ಸಿನ ಸುಂಕದ ಗಡಿ ಅಲ್ಲಿ ಹಿಂದೆ ಸರಿಯಬೇಕೆಂದೇ ತೀರ್ಪಿತ್ತಿತು.