ನಾವಿಕರಿಲ್ಲದ ಆಕ್ರಮಣ ದೋಣಿಗಳು: ಕಪ್ಪು ಸಮುದ್ರದಿಂದ ಕಾರವಾರದವರೆಗೆ

ಒಳಗೆ ಒಬ್ಬ ಮನುಷ್ಯನೂ ಇಲ್ಲದೆ, ದೂರದಿಂದ ಬರುವ ಆಜ್ಞೆಯಂತೆ ಅಥವಾ ತನ್ನೊಳಗಿನ ಗಣಕಯಂತ್ರದ ನಿರ್ದೇಶನದಂತೆ ಸಾಗಿ ಶತ್ರುನೌಕೆಯ ಮೇಲೆರಗುವ ಚಿಕ್ಕ ದೋಣಿಯೇ ಮಾನವರಹಿತ ಆಕ್ರಮಣ ದೋಣಿ. ಪತ್ರಿಕೆಗಳಲ್ಲಿ ಇದಕ್ಕೆ ‘ಸಮುದ್ರ ಡ್ರೋನ್’ ಎಂಬ ಹೆಸರೂ ಬಳಕೆಯಲ್ಲಿದೆ. ಘಟ್ಟದ ಮೇಲಿನ ಪುಣೆಯಲ್ಲಿ ನೆಲೆಸಿರುವ ನಮಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಇಂತಹ ದೋಣಿಗಳನ್ನು ರೂಪಿಸುವ ಕೆಲಸ ನಮ್ಮ ನಗರದ ಆಸುಪಾಸಿನಲ್ಲಿಯೇ ನಡೆದಿದೆ. ಇವುಗಳಿಂದ ರಕ್ಷಿಸಿಕೊಳ್ಳಬೇಕಾದ ದೇಶದ ಪ್ರಮುಖ ನೌಕಾನೆಲೆಗಳಲ್ಲೊಂದು ನಮ್ಮ ಕಾರವಾರದಲ್ಲಿದೆ. ಆದ್ದರಿಂದ ಈ ಆಯುಧದ ಬೆಳವಣಿಗೆಯನ್ನು ನಾವು ತಿಳಿದಿರುವುದು ಉಚಿತ.

ಪೂರ್ವೇತಿಹಾಸ

ಚಿಕ್ಕ ದೋಣಿ ದೊಡ್ಡ ಹಡಗನ್ನು ಕಾಡುವುದು ಹೊಸ ಸಂಗತಿಯಲ್ಲ. ಕೊಂಕಣ ತೀರದಲ್ಲಿ ಕಾನ್ಹೋಜಿ ಆಂಗ್ರೆಯ ಹಗುರವಾದ ಗಲ್ಬತ್‌ಗಳು ಹುಟ್ಟುಹಾಕಿಕೊಂಡು ಬಂದು, ಗಾಳಿಯಿಲ್ಲದೆ ನಿಂತ ಯುರೋಪಿಯನ್ನರ ಭಾರೀ ಹಡಗುಗಳನ್ನು ಮುತ್ತುತ್ತಿದ್ದವು. 1971ರ ಡಿಸೆಂಬರ್ 4ರ ರಾತ್ರಿ ಭಾರತದ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಬಳಿ ಪಾಕಿಸ್ತಾನದ ‘ಖೈಬರ್’ ನೌಕೆಯನ್ನು ಮುಳುಗಿಸಿದವು. ಆ ನೆನಪಿಗಾಗಿಯೇ ನಾವು ಪ್ರತಿವರ್ಷ ನೌಕಾಪಡೆಯ ದಿನವನ್ನು ಆಚರಿಸುತ್ತೇವೆ.

ದೋಣಿಯಿಂದ ಮನುಷ್ಯನನ್ನು ಇಳಿಸಿಬಿಡುವ ಯೋಚನೆಗೂ ನೂರು ವರ್ಷ ದಾಟಿದೆ. 1898ರಲ್ಲಿ ವಿಜ್ಞಾನಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ನಡೆಯುವ ಪುಟ್ಟ ದೋಣಿಯೊಂದನ್ನು ಪ್ರದರ್ಶಿಸಿ, ಅದಕ್ಕೆ ಪೇಟೆಂಟ್ ಪಡೆದರು. ಮೊದಲ ಮಹಾಯುದ್ಧದಲ್ಲಿ ಜರ್ಮನರು ತಂತಿಯ ಮೂಲಕ ದಡದಿಂದ ನಿಯಂತ್ರಿಸುವ ಸ್ಫೋಟಕ ದೋಣಿಗಳನ್ನು ತಯಾರಿಸಿದರು. 1917ರ ಅಕ್ಟೋಬರಿನಲ್ಲಿ ಅವುಗಳಲ್ಲೊಂದು ಬೆಲ್ಜಿಯಂ ತೀರದಲ್ಲಿ ಬ್ರಿಟನ್ನಿನ ‘ಎರೆಬಸ್’ ನೌಕೆಗೆ ಬಡಿಯಿತು. ನೌಕೆಗೆ ಹಾನಿಯಾಯಿತು, ಆದರೆ ಅದು ಮುಳುಗಲಿಲ್ಲ.

ಅನಂತರದ ದಶಕಗಳಲ್ಲಿ ಮನುಷ್ಯನು ಮತ್ತೆ ದೋಣಿಯೊಳಕ್ಕೆ ಬಂದ. 1941ರ ಮಾರ್ಚಿನಲ್ಲಿ ಕ್ರೀಟ್ ದ್ವೀಪದ ಸೂಡಾ ಕೊಲ್ಲಿಯಲ್ಲಿ ಇಟಲಿಯ ಯೋಧರು ಸ್ಫೋಟಕ ತುಂಬಿದ ದೋಣಿಗಳನ್ನು ಗುರಿಯತ್ತ ಓಡಿಸಿ, ಕೊನೆಯ ಗಳಿಗೆಯಲ್ಲಿ ನೀರಿಗೆ ಧುಮುಕಿದರು. ಬ್ರಿಟನ್ನಿನ ‘ಯಾರ್ಕ್’ ನೌಕೆ ಅಂದು ನಿಷ್ಕ್ರಿಯವಾಯಿತು. ಜಪಾನಿನ ಯುವಕರಿಗೆ ಹಾಗೆ ಧುಮುಕುವ ಅವಕಾಶವೂ ಇರಲಿಲ್ಲವೆಂದೇ ಹೇಳಬೇಕು. 1990ರಿಂದ ಶ್ರೀಲಂಕೆಯ ತೀರದಲ್ಲಿ ಎಲ್‌ಟಿಟಿಇಯ ಕಡಲ ದಳ ಆತ್ಮಾಹುತಿ ದೋಣಿಗಳನ್ನು ಬಳಸಿತು. 2000ದ ಅಕ್ಟೋಬರ್ 12ರಂದು ಏಡನ್ ಬಂದರಿನಲ್ಲಿ ಅಮೆರಿಕದ ‘ಕೋಲ್’ ನೌಕೆಯ ಪಕ್ಕಕ್ಕೆ ಬಂದು ಸಿಡಿದ ದೋಣಿ 17 ನಾವಿಕರನ್ನು ಬಲಿ ತೆಗೆದುಕೊಂಡಿತು. ಅಲ್ಲಿಯವರೆಗೆ ಇಂತಹ ದಾಳಿಗೆ ಸಾಯಲು ಸಿದ್ಧನಾದ ಮನುಷ್ಯ ಬೇಕಿತ್ತು. ಉಪಗ್ರಹ ಸಂಪರ್ಕ, ಪುಟ್ಟ ಕ್ಯಾಮೆರಾ ಹಾಗೂ ಅಗ್ಗದ ಗಣಕಯಂತ್ರಗಳು ಆ ಅಗತ್ಯವನ್ನು ನೀಗಿಸಿದವು. 2017ರ ಜನವರಿಯಲ್ಲಿ ಯೆಮೆನ್ ತೀರದಲ್ಲಿ ಸೌದಿ ಅರೇಬಿಯದ ‘ಅಲ್ ಮದೀನಾ’ ನೌಕೆಗೆ ಬಡಿದದ್ದು ದೂರನಿಯಂತ್ರಿತ ದೋಣಿಯೆಂದು ಅಮೆರಿಕದ ನೌಕಾಪಡೆ ಅಭಿಪ್ರಾಯಪಟ್ಟಿತು.

ರಚನೆ ಮತ್ತು ಕಾರ್ಯವಿಧಾನ

ಉಕ್ರೇನಿನ ‘ಮಗುರಾ ವಿ-5’ ಈ ವರ್ಗದ ಪ್ರಸಿದ್ಧ ಮಾದರಿ. ಇದರ ಉದ್ದ ಸುಮಾರು 5.5 ಮೀಟರ್, ಅಗಲ 1.5 ಮೀಟರ್. ಗಂಟೆಗೆ 75 ಕಿಲೋಮೀಟರಿಗೂ ಹೆಚ್ಚಿನ ವೇಗ, ಸುಮಾರು 800 ಕಿಲೋಮೀಟರ್ ವ್ಯಾಪ್ತಿ ಹಾಗೂ 300 ಕಿಲೋಗ್ರಾಮಿನಷ್ಟು ಸ್ಫೋಟಕವನ್ನು ಹೊರುವ ಶಕ್ತಿ ಇದಕ್ಕಿದೆ. ದೋಣಿಯ ಮೈ ನೀರಿನ ಮಟ್ಟಕ್ಕಿಂತ ತುಸುವೇ ಮೇಲಿರುವುದರಿಂದ ರೇಡಾರಿನ ಕಣ್ಣಿಗೆ ಅಲೆ ಯಾವುದು, ದೋಣಿ ಯಾವುದು ಎಂಬುದು ಬೇಗನೆ ತಿಳಿಯುವುದಿಲ್ಲ. ನೂರಾರು ಕಿಲೋಮೀಟರ್ ದೂರದಲ್ಲಿ ಕುಳಿತ ಚಾಲಕನು ಕ್ಯಾಮೆರಾದ ಚಿತ್ರವನ್ನು ಪರದೆಯ ಮೇಲೆ ನೋಡುತ್ತ ಅದನ್ನು ನಡೆಸುತ್ತಾನೆ.

ಸಾಮಾನ್ಯವಾಗಿ ಇವು ರಾತ್ರಿಯ ಹೊತ್ತು ಗುಂಪಾಗಿ ಬರುತ್ತವೆ. ಮೊದಲನೆಯದು ಹಡಗಿನ ಹಿಂಭಾಗಕ್ಕೆ ಬಡಿದು ಚುಕ್ಕಾಣಿ ಹಾಗೂ ಯಂತ್ರಗಳನ್ನು ಕೆಡಿಸಿದರೆ, ಮುಂದಿನದು ಹಡಗಿನ ಪಕ್ಕೆಯನ್ನು ಒಡೆಯುತ್ತದೆ, ಅದರ ಹಿಂದಿನದು ಅದೇ ತೂತಿನೊಳಕ್ಕೆ ನುಗ್ಗುತ್ತದೆ. ವಿಮಾನದ ಬಾಂಬು ಹಡಗಿನ ಮೇಲ್ಭಾಗವನ್ನು ಸುಡಬಹುದು. ನೀರಿನ ಮಟ್ಟದಲ್ಲಿ ಆಗುವ ಸ್ಫೋಟವಾದರೋ ಒಳಗೆ ನೀರು ನುಗ್ಗಿಸುತ್ತದೆ. ಇವುಗಳ ಬಲದ ಗುಟ್ಟು ಇದೇ.

ಕಪ್ಪು ಸಮುದ್ರದ ಪಾಠ

2022ರ ಅಕ್ಟೋಬರ್ 29ರಂದು ಉಕ್ರೇನ್ ಸೆವಾಸ್ತೊಪೋಲ್ ಬಂದರಿನ ಮೇಲೆ ಆಕಾಶದ ಡ್ರೋನ್‌ಗಳೊಂದಿಗೆ ಈ ದೋಣಿಗಳನ್ನೂ ಕಳುಹಿಸಿತು. 2023ರ ಜುಲೈನಲ್ಲಿ ಕ್ರೈಮಿಯದ ಸೇತುವೆಯೂ ಇಂತಹ ದೋಣಿಗಳ ಗುರಿಯಾಯಿತು. 2024ರಲ್ಲಿ ಫೆಬ್ರುವರಿ 1ರಂದು ಕ್ಷಿಪಣಿ ನೌಕೆ ‘ಇವಾನೊವೆಟ್ಸ್’, 14ರಂದು ‘ಸೀಸರ್ ಕುನಿಕೊವ್’, ಮಾರ್ಚ್ 5ರಂದು ‘ಸೆರ್ಗೆಯ್ ಕೊಟೊವ್’ ಹೀಗೆ ಒಂದಾದ ಮೇಲೊಂದು ನೌಕೆಗಳು ಬಲಿಯಾದವು. ರಷ್ಯ ತನ್ನ ನೌಕೆಗಳಲ್ಲಿ ಬಹುಭಾಗವನ್ನು ಪೂರ್ವದ ನೊವೊರೊಸ್ಸಿಸ್ಕ್ ಬಂದರಿಗೆ ಒಯ್ಯಬೇಕಾಯಿತು. ದೊಡ್ಡ ಯುದ್ಧನೌಕೆಗಳೇ ಇಲ್ಲದ ದೇಶವೊಂದು, ಕ್ಷಿಪಣಿ ಮತ್ತು ಈ ದೋಣಿಗಳ ನೆರವಿನಿಂದ, ತನ್ನ ಧಾನ್ಯದ ಹಡಗುಗಳಿಗೆ ದಾರಿ ತೆರೆದುಕೊಂಡಿತು.

ಆದರೆ ಆಯುಧ ಒಬ್ಬರ ಸ್ವತ್ತಾಗಿ ಉಳಿಯುವುದಿಲ್ಲ. 2024ರ ಜೂನ್ 12ರಂದು ಕೆಂಪು ಸಮುದ್ರದಲ್ಲಿ ಯೆಮೆನಿನ ಹೂತಿ ಬಂಡುಕೋರರ ದೋಣಿ ‘ಟ್ಯೂಟರ್’ ಎಂಬ ಸರಕು ಹಡಗಿಗೆ ಬಡಿಯಿತು. ಫಿಲಿಪೀನ್ಸಿನ ನಾವಿಕರೊಬ್ಬರು ಪ್ರಾಣ ಕಳೆದುಕೊಂಡರು, ಕೆಲವೇ ದಿನಗಳಲ್ಲಿ ಹಡಗೂ ಮುಳುಗಿತು. 2025ರ ಆಗಸ್ಟಿನಲ್ಲಿ ಡ್ಯಾನ್ಯೂಬ್ ನದೀಮುಖದಲ್ಲಿ ಉಕ್ರೇನಿನ ನೌಕೆಯೊಂದನ್ನು ತನ್ನ ಸಮುದ್ರ ಡ್ರೋನ್ ಮುಳುಗಿಸಿತೆಂದು ರಷ್ಯ ಹೇಳಿಕೊಂಡಿತು.

ಜಮಾಖರ್ಚಿನ ಲೆಕ್ಕ

ಮಗುರಾ ದೋಣಿಯ ಬೆಲೆ ಸುಮಾರು ಎರಡೂವರೆ ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೆ ತುಸು ಮೇಲೆ. 2022ರಲ್ಲಿ ಸೇವೆಗೆ ಸೇರಿದ ನಮ್ಮ ‘ವಿಕ್ರಾಂತ್’ ವಿಮಾನವಾಹಕ ನೌಕೆಗೆ ತಗಲಿದ ವೆಚ್ಚ ಸುಮಾರು 20,000 ಕೋಟಿ ರೂಪಾಯಿ. ಹತ್ತು ದೋಣಿಗಳಲ್ಲಿ ಒಂಬತ್ತು ನಾಶವಾಗಿ ಒಂದೇ ಗುರಿ ಮುಟ್ಟಿದರೂ ದಾಳಿಕಾರನಿಗೆ ನಷ್ಟವಿಲ್ಲ. ರಕ್ಷಕನಾದರೋ ಹತ್ತನ್ನೂ ತಡೆಯಬೇಕು. ಈ ಆಯುಧ ತಂದಿರುವ ನಿಜವಾದ ಬದಲಾವಣೆ ಇದೇ.

ಹಾಗೆಂದು ದೊಡ್ಡ ನೌಕೆಗಳ ಕಾಲ ಮುಗಿಯಿತೆನ್ನುವುದು ಸರಿಯಲ್ಲ. ಕಪ್ಪು ಸಮುದ್ರ ಇಕ್ಕಟ್ಟಾದ ಕಡಲು. ತೆರೆದ ಸಾಗರದಲ್ಲಿ ಬೆಂಗಾವಲಿನೊಡನೆ ವೇಗವಾಗಿ ಚಲಿಸುವ ನೌಕೆಯನ್ನು ಹುಡುಕಿ ಹಿಡಿಯುವುದು ಈ ದೋಣಿಗಳಿಗೆ ಸುಲಭವಲ್ಲ. ಹಗಲಿನಲ್ಲಿ ಹೆಲಿಕಾಪ್ಟರುಗಳು ಇವನ್ನು ಗುರುತಿಸಿ ಹೊಡೆಯಬಲ್ಲವು. ರೇಡಿಯೋ ಸಂಪರ್ಕ ಕಡಿದರೆ ಚಾಲಕ ಕುರುಡನಾಗುತ್ತಾನೆ. ಬಂದರಿನ ಬಾಯಿಗೆ ತೇಲುವ ತಡೆಬೇಲಿ ಹಾಕುವ ಹಳೆಯ ಉಪಾಯಕ್ಕೂ ಮತ್ತೆ ಬೆಲೆ ಬಂದಿದೆ. ಬಂದರಿನಲ್ಲಿ ಲಂಗರು ಹಾಕಿ ನಿಂತ ನೌಕೆಗೇ ಹೆಚ್ಚಿನ ಅಪಾಯ.

ಪುಣೆಯ ಪಾಲು

ಸಮುದ್ರವಿಲ್ಲದ ಪುಣೆಗೂ ನೌಕಾಪಡೆಗೂ ನಂಟು ಹಳೆಯದು. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ನಾಳಿನ ನೌಕಾಧಿಕಾರಿಗಳು ಕಲಿಯುತ್ತಾರೆ, ಲೋಣಾವಳದ ‘ಐಎನ್ಎಸ್ ಶಿವಾಜಿ’ಯಲ್ಲಿ ನೌಕೆಯ ಯಂತ್ರವಿದ್ಯೆಯ ತರಬೇತಿ ನಡೆಯುತ್ತದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು 2022ರ ಡಿಸೆಂಬರಿನಲ್ಲಿ ಭೋಸರಿಯಲ್ಲಿ, ದೂರದಿಂದ ನಿಯಂತ್ರಿಸುವ ಶಸ್ತ್ರಸಜ್ಜಿತ ದೋಣಿಗಳ ಮೂರು ಮಾದರಿಗಳನ್ನು ಪ್ರದರ್ಶಿಸಿತು. ಪುಣೆಯಲ್ಲಿ ನೆಲೆಯಿರುವ ಸಾಗರ್ ಡಿಫೆನ್ಸ್ ಎಂಜಿನಿಯರಿಂಗ್ ಸಂಸ್ಥೆ ‘ಮಾತಂಗಿ’ ಎಂಬ ಸ್ವಯಂಚಾಲಿತ ದೋಣಿಯನ್ನು ನಿರ್ಮಿಸಿತು. 2024ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ತೂತ್ತುಕುಡಿಯವರೆಗಿನ ಸುಮಾರು 1500 ಕಿಲೋಮೀಟರ್ ಯಾನಕ್ಕೆ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ಚಾಲನೆ ನೀಡಿದರು. ಆ ದಾರಿ ಕಾರವಾರ, ಮಲ್ಪೆ, ಮಂಗಳೂರುಗಳ ಎದುರಿನಿಂದಲೇ ಹಾದುಹೋಗುತ್ತದೆ.

ಕರಾವಳಿಯ ಪ್ರಶ್ನೆ

ಬನವಾಸಿಯ ಅರಸುಮನೆತನದ ಹೆಸರು ಹೊತ್ತ ‘ಐಎನ್ಎಸ್ ಕದಂಬ’ ನೆಲೆ 2005ರ ಮೇ 31ರಂದು ಕಾರವಾರದ ಬಳಿ ಸೇವೆಗೆ ಸೇರಿತು. ‘ವಿಕ್ರಮಾದಿತ್ಯ’ ವಿಮಾನವಾಹಕ ನೌಕೆಗೆ ಅದೇ ಆಶ್ರಯ. ಅದರ ಸುತ್ತಲಿನ ಕಡಲು ಖಾಲಿ ಕಡಲಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಸಾವಿರಾರು ಮೀನುಗಾರಿಕೆ ದೋಣಿಗಳು ಅಲ್ಲಿ ದುಡಿಯುತ್ತವೆ. ಮುಂಗಾರಿನಲ್ಲಿ ಜೂನ್ ಮತ್ತು ಜುಲೈ ತಿಂಗಳ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗಿನ ಭಾರೀ ಅಲೆಗಳಲ್ಲಿ ಪುಟ್ಟ ಆಕ್ರಮಣ ದೋಣಿಯ ಸಂಚಾರವೂ ಕಷ್ಟ. ಅಂದರೆ, ದಾಳಿಗೆ ಅನುಕೂಲವಾದ ಕಾಲವೂ ಮೊಗವೀರ, ಖಾರ್ವಿ, ಹರಿಕಂತ್ರ ಬಂಧುಗಳು ಕಡಲಿಗಿಳಿಯುವ ಕಾಲವೂ ಒಂದೇ.

ಕತ್ತಲಲ್ಲಿ ರೇಡಾರಿನ ಮೇಲೆ ಕಾಣುವ ಚುಕ್ಕೆ ಶತ್ರುವಿನದೋ, ಬಲೆ ಹಾಕಿ ಕುಳಿತವರದೋ ಎಂದು ಕೆಲವೇ ಕ್ಷಣಗಳಲ್ಲಿ ನಿರ್ಧರಿಸಬೇಕಾಗುತ್ತದೆ. 2008ರ ನವೆಂಬರಿನಲ್ಲಿ ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ಅಪಹರಿಸಿ ಮುಂಬಯಿಗೆ ಬಂದ ಉಗ್ರರು ಮೊದಲು ಕೊಂದದ್ದು ಆ ದೋಣಿಯ ಮೀನುಗಾರರನ್ನು. ಅನಂತರವೇ ದೋಣಿಗಳಿಗೆ ಬಣ್ಣದ ಗುರುತು, ಮೀನುಗಾರರಿಗೆ ಗುರುತಿನ ಚೀಟಿ ನೀಡುವ ಕೆಲಸ ಚುರುಕಾಯಿತು. ಪ್ರತಿಯೊಂದು ಹಡಗೂ ಕಣ್ಣು ಕಿವಿಗಳಿಂದ ಸದಾ ಸುತ್ತಲಿನ ಮೇಲೆ ನಿಗಾ ಇಡಬೇಕೆಂದು 1972ರ ಅಂತರರಾಷ್ಟ್ರೀಯ ನೌಕಾಸಂಚಾರ ನಿಯಮ ವಿಧಿಸುತ್ತದೆ. ಕಣ್ಣು ಕಿವಿಗಳ ಮನುಷ್ಯನೇ ಇಲ್ಲದ ದೋಣಿಗಳ ಕಾಲದಲ್ಲಿ ಆ ನಿಯಮದ ಭಾರ ಉಳಿದವರ ಮೇಲೆ ಇನ್ನಷ್ಟು ಬೀಳುತ್ತದೆ.

ಆದುದರಿಂದ ವೇಗವಾದ ದೋಣಿಯನ್ನು ಕಟ್ಟುವುದಷ್ಟೇ ಸಾಧನೆಯಾಗದು. ಪ್ರತಿಯೊಂದು ಚಿಕ್ಕ ದೋಣಿಗೂ ತನ್ನ ಗುರುತು ಸಾರುವ ಅಗ್ಗದ ಉಪಕರಣ, ಕರಾವಳಿ ಪೊಲೀಸರಿಗೂ ಮೀನುಗಾರರ ಸಂಘಗಳಿಗೂ ನಡುವೆ ನಿತ್ಯದ ಸಂಪರ್ಕ, ಗುಂಡು ಹಾರಿಸುವ ನಿರ್ಧಾರದಲ್ಲಿ ಮನುಷ್ಯನ ವಿವೇಕ ಇವು ಮೂರೂ ಅಷ್ಟೇ ಅವಶ್ಯ. ಆಕ್ರಮಣ ದೋಣಿಯಲ್ಲಿ ಯಾರೂ ಇಲ್ಲದಿರಬಹುದು, ಆದರೆ ಅದರ ಸುತ್ತಲಿನ ದೋಣಿಗಳಲ್ಲಿ ನಮ್ಮವರಿದ್ದಾರೆ.