ಕಾರಿನ ಮುಂಭಾಗದ ಸ್ಪ್ರಿಂಗ್ ಬಿಚ್ಚುವಾಗ ಇರಲಿ ಎಚ್ಚರ

ಮೈಸೂರು: ಚಾಮುಂಡಿಬೆಟ್ಟದ ತಿರುವು, ರಸ್ತೆಯುಬ್ಬು, ಬಡಾವಣೆಗಳ ಗುಂಡಿ - ಇವೆಲ್ಲದರ ಪೆಟ್ಟನ್ನು ತಾಳಿಕೊಳ್ಳುವುದು ಕಾರಿನ ಸ್ಪ್ರಿಂಗು. ಅದು ಕುಗ್ಗಿದರೆ ಅಥವಾ ಮುರಿದರೆ ಬದಲಿಸುವುದು ಅನಿವಾರ್ಯ. ಆದರೆ ಗ್ಯಾರೇಜಿನ ಅತ್ಯಂತ ಅಪಾಯಕಾರಿ ಕೆಲಸಗಳಲ್ಲಿ ಇದೂ ಒಂದು.

ಅಪಾಯ ಎಲ್ಲಿದೆ?
1983ರಿಂದ 2014ರವರೆಗೆ ತಯಾರಾದ ಮಾರುತಿ 800 ಸೇರಿದಂತೆ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಷಾಕ್ ಅಬ್ಸಾರ್ಬರಿನ ಸುತ್ತಲೂ ಸುರುಳಿ ಸ್ಪ್ರಿಂಗ್ ಇರುತ್ತದೆ. ಚಕ್ರವನ್ನು ನೆಲದಿಂದ ಎತ್ತಿದ ಮಾತ್ರಕ್ಕೆ ಸ್ಪ್ರಿಂಗ್ ಸಡಿಲವಾಯಿತೆಂದು ಭಾವಿಸಬಾರದು. ಎರಡು ತಟ್ಟೆಗಳ ನಡುವೆ ಅದು ಆಗಲೂ ಅದುಮಿಕೊಂಡೇ ಇರುತ್ತದೆ. ಅದನ್ನು ತಡೆದಿರುವುದು ಸ್ಟ್ರಟ್ಟಿನ ತುದಿಯ ನಡು ನಟ್ಟು. ಆ ನಟ್ಟನ್ನು ಮೊದಲೇ ಕಳಚಿದರೆ ಮೇಲಿನ ತಟ್ಟೆ ಸಿಡಿದು ಪ್ರಾಣಕ್ಕೇ ಎರವಾಗಬಹುದು.

ಬಿಚ್ಚುವ ಕ್ರಮ
* ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಡಬೇಕು.
* ಜಾಕ್ ಎತ್ತುವುದಕ್ಕೆ ಮಾತ್ರ. ಭಾರ ಹೊರಲು ಸ್ಟ್ಯಾಂಡುಗಳೇ ಬೇಕು. ಇಟ್ಟಿಗೆ, ಕಲ್ಲು ಸಲ್ಲದು.
* ಚಕ್ರ ತೆಗೆದ ನಂತರ ಸ್ಟ್ರಟ್ಟಿನಿಂದ ಬ್ರೇಕ್ ಹೋಸ್ ಬಿಡಿಸಬೇಕು. ಹಬ್ ವಾಲಿ ಹೋಸ್ ಎಳೆಯದಂತೆ ತಂತಿಯಿಂದ ಕಟ್ಟಬೇಕು.
* ಕೆಳಗಿನ ಬೋಲ್ಟುಗಳನ್ನೂ ಬಾನೆಟ್ಟಿನೊಳಗಿನ ಸುತ್ತಲ ನಟ್ಟುಗಳನ್ನೂ ಬಿಚ್ಚಿ ಸ್ಟ್ರಟ್ಟನ್ನು ಇಡಿಯಾಗಿ ಹೊರತೆಗೆಯಬೇಕು. ನಡು ನಟ್ಟನ್ನು ಮುಟ್ಟಕೂಡದು.
* ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಒಂದಾದ ಮೇಲೊಂದರಂತೆ ಸಮನಾಗಿ ಕೈಯಿಂದಲೇ ಬಿಗಿಯಬೇಕು. ಗಾಳಿಯ ಗನ್ ಬಳಸಬಾರದು.
* ಸ್ಪ್ರಿಂಗ್ ತಟ್ಟೆಯಿಂದ ಬಿಟ್ಟು ಕೈಗೆ ಅಲುಗಾಡಿದ ನಂತರವೇ ನಡು ನಟ್ಟನ್ನು ಕಳಚಬೇಕು. ಸ್ಟ್ರಟ್ಟಿನ ನೇರಕ್ಕೆ ಯಾರೂ ನಿಲ್ಲಬಾರದು.

ಜೋಡಿಸುವಾಗ
ಎರಡೂ ಬದಿಯ ಸ್ಪ್ರಿಂಗುಗಳನ್ನು ಒಟ್ಟಿಗೆ ಬದಲಿಸುವುದು ಒಳಿತು. ಸುರುಳಿಯ ತುದಿ ತಟ್ಟೆಯ ಗುಳಿಯಲ್ಲಿ ಸರಿಯಾಗಿ ಕೂರಬೇಕು. ನಡು ನಟ್ಟು ಪೂರ್ತಿ ಬಿಗಿಯಾದ ಮೇಲಷ್ಟೇ ಕಂಪ್ರೆಸರನ್ನು ನಿಧಾನವಾಗಿ ಸಡಿಲಿಸಬೇಕು. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರುಗಳು ಬೇಗ ಸವೆಯುತ್ತವೆ.

ಹಳೆಯ ಕಾರುಗಳಲ್ಲಿ
ಇದೇ ಕ್ರಮ ಎಲ್ಲ ಕಾರುಗಳಿಗೂ ಅನ್ವಯಿಸದು. ಅಂಬಾಸಿಡರ್ ಕಾರಿನ ಮುಂಭಾಗದಲ್ಲಿರುವುದು ಸುರುಳಿಯಲ್ಲ, ತಿರುಚಿದ ಉಕ್ಕಿನ ಸರಳು. ಪ್ರೀಮಿಯರ್ ಪದ್ಮಿನಿಯಲ್ಲಿ ಸ್ಟ್ರಟ್ ಇಲ್ಲ. ಇಂಥ ಕಾರುಗಳಿಗೆ ಆಯಾ ಮಾದರಿಯನ್ನು ಬಲ್ಲ ಮೆಕ್ಯಾನಿಕ್‌ಗಳ ನೆರವು ಅಗತ್ಯ.

ಕಂಪ್ರೆಸರ್ ಇಲ್ಲದವರು ಹಗ್ಗ, ತಂತಿಗಳಿಂದ ಸ್ಪ್ರಿಂಗ್ ಕಟ್ಟುವ ಸಾಹಸಕ್ಕೆ ಇಳಿಯಬಾರದು. ಸ್ಟ್ರಟ್ಟನ್ನು ಇಡಿಯಾಗಿ ಬಿಚ್ಚಿ ಸಲಕರಣೆಯುಳ್ಳ ಗ್ಯಾರೇಜಿಗೆ ಒಯ್ಯುವುದೇ ಕ್ಷೇಮ.